ಬಿಸಿಲು ಹಿಡಿಯುವ ಹಲಗೆ

ದಿನಾ ಬೆಳಿಗ್ಗೆ ಆಕಾಶ ನೋಡಿ, ಡೈರಿಯಲ್ಲಿ ತಾರೀಖಿನ ಪಕ್ಕ ‘ಬಿಸಿಲು’, ‘ಅರೆಬಿಸಿಲು’, ‘ಮೋಡ’ ಎಂದು ಬರೆದಿಡುವ ಚಟ ನನಗಿದೆ. ರಾಗಿ ಬೆಳೆಯುವವನು ಹೀಗೆ ಮಾಡಿದರೆ ಯಾರೂ ನಗುವುದಿಲ್ಲ. ನಾನು ಬೆಳೆಯುವುದು ಕರೆಂಟು. ಅದೂ ರಾಗಿ ಸೀಮೆಯ ಪುಟ್ಟ ವಿಜಯಪುರದ ನಮ್ಮ ಮನೆಯ ತಾರಸಿಯ ಮೇಲೆ, ಒಂದೇ ಒಂದು ಸೆಕೆಂಡ್ ಹ್ಯಾಂಡ್ ಸೋಲಾರ್ ಪ್ಯಾನೆಲ್ಲಿನಲ್ಲಿ. ಆದ್ದರಿಂದ ನಗುತ್ತಾರೆ.

ಈ ಬೇಸಾಯ ಶುರುವಾದದ್ದು ಒಂದು ಮುದಿ ಲ್ಯಾಪ್‌ಟಾಪಿನಿಂದ. ಅಣ್ಣ ಅದನ್ನು ಗುಜರಿಗೆ ಹಾಕಲು ಹೊರಟಿದ್ದ. ಅದರ ಬ್ಯಾಟರಿ ಸತ್ತಿತ್ತು. ವಿಂಡೋಸ್ ತೆರೆದುಕೊಳ್ಳುವಷ್ಟರಲ್ಲಿ ಕಾಫಿ ಕುಡಿದು ಲೋಟ ತೊಳೆದಿಡಬಹುದಿತ್ತು. ನಾನು ವಿಂಡೋಸ್ ಅಳಿಸಿ, ಪುಕ್ಕಟೆ ಸಿಗುವ ಲಿನಕ್ಸ್ ತಂತ್ರಾಂಶ ಹಾಕಿದೆ. ಮುದುಕ ಎದ್ದು ಓಡಾಡಿದ. ಆದರೆ ಕರೆಂಟ್ ಹೋದೊಡನೆ ಮಲಗಿಬಿಡುತ್ತಿದ್ದ, ಅದಕ್ಕೇ ತಾರಸಿಗೆ ಪ್ಯಾನೆಲ್ಲೂ ಕೆಳಗೆ ಒಂದು ಇನ್ವರ್ಟರ್, ಅದರ ಬ್ಯಾಟರಿಯೂ ಬಂದವು.

ಲಿನಕ್ಸ್ ಎಂದರೆ ನನಗೆ ಬೇಸಿಗೆಯ ಅರವಟಿಗೆ ನೆನಪಾಗುತ್ತದೆ. ಯಾರೋ ಮಡಕೆ ಇಟ್ಟಿರುತ್ತಾರೆ, ಇನ್ಯಾರೋ ಮಜ್ಜಿಗೆ ತುಂಬಿರುತ್ತಾರೆ, ಮತ್ತೊಬ್ಬರು ಕೊತ್ತಂಬರಿ ಉದುರಿಸಿ ಹೋಗಿರುತ್ತಾರೆ. ಕುಡಿದವನು ಬಾಯಿ ಒರೆಸಿಕೊಂಡು ಹೊರಡುತ್ತಾನೆ. ಯಾರೂ ಹೆಸರು ಕೇಳುವುದಿಲ್ಲ. ಜಗತ್ತಿನ ಯಾವ್ಯಾವುದೋ ಮೂಲೆಯಲ್ಲಿ ಕುಳಿತವರು ನಮ್ಮ ಮನೆಯ ಗುಜರಿ ಯಂತ್ರಕ್ಕೂ ಒಂದು ಲೋಟ ಎತ್ತಿಟ್ಟಿದ್ದರಲ್ಲ ಎಂದು ನನಗೆ ಈಗಲೂ ಬೆರಗು.

ಲ್ಯಾಪ್‌ಟಾಪ್ ಬೇಕಾಗಿದ್ದು ಅತ್ತಿಗೆಗೆ. ಅವರು ಪಿಲ್ಲಗುಂಪೆ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಇಡೀ ಪಾಳಿ ನಿಂತೇ ಕೆಲಸ ಮಾಡುವವರು. ಸ್ಟೋರ್ಸ್ ವಿಭಾಗಕ್ಕೆ, ಅಂದರೆ ಕುರ್ಚಿಯಿರುವ ಕೆಲಸಕ್ಕೆ, ಹೋಗಬೇಕಾದರೆ ಕಂಪ್ಯೂಟರ್ ಪರೀಕ್ಷೆಯೊಂದನ್ನು ಆನ್‌ಲೈನಿನಲ್ಲಿ ಪಾಸು ಮಾಡಬೇಕಿತ್ತು. ಪರೀಕ್ಷೆಯಿದ್ದ ಭಾನುವಾರ ಹಗಲೆಲ್ಲ ಕರೆಂಟ್ ಇರುವುದಿಲ್ಲವೆಂದು ಮೊದಲೇ ತಿಳಿದಿತ್ತು.

“ಸೂರ್ಯ ಇದಾನೆ, ನಾನಿದೀನಿ, ಯೋಚ್ನೆ ಮಾಡ್ಬೇಡಿ ಅತ್ತಿಗೆ” ಎಂದೆ.

“ಸೂರ್ಯನ್ನ ನಂಬ್ತೀನಿ ಮಂಜು” ಎಂದರು.

ಪರೀಕ್ಷೆ ಅರ್ಧ ಮುಗಿದಿತ್ತು. ಬ್ಯಾಟರಿ ಖಾಲಿಯಾಗುತ್ತಿದೆ ಎಂದು ಇನ್ವರ್ಟರ್ ಕುಂಯ್‌ಗುಟ್ಟತೊಡಗಿತು. ಹೊರಗೆ ನೆತ್ತಿ ಸುಡುವ ಬಿಸಿಲು. ಆದರೂ ಪ್ಯಾನೆಲ್ಲಿನಿಂದ ಬ್ಯಾಟರಿಗೆ ಏನೂ ಬರುತ್ತಿಲ್ಲ.

“ಮಂಜು, ಇದು ಆರಿಹೋದ್ರೆ ಮತ್ತೆ ಬರೆಯೋಕೆ ಬಿಡಲ್ವಂತೆ ಕಣೋ!”

ತಾರಸಿಗೆ ಓಡಿದೆ. ಪ್ಯಾನೆಲ್ಲಿನ ಮೇಲೆ ತಾತನ ಹಳೆಯ ಪಂಚೆ ಹರಡಿದೆ. ಪಂಚೆಯ ತುಂಬ ಆಗತಾನೇ ಇಟ್ಟ ಅಕ್ಕಿ ಸಂಡಿಗೆ. ಪಕ್ಕದಲ್ಲಿ ಕಾಗೆ ಓಡಿಸಲು ಕೋಲು ಹಿಡಿದು ಅಜ್ಜಿ ಕುಳಿತಿದ್ದಾಳೆ.

“ಅಜ್ಜೀ, ಇದ್ರ ಮೇಲ್ಯಾಕೆ ಹಾಕ್ದೆ?”

“ಬಿಸಿಲು ಹಿಡಿಯೋ ಹಲಗೆ ಅಂತ ನೀನೇ ಹೇಳಿದ್ದಲ್ವೇನ್ಲಾ? ಹಿಡಿದಿಟ್ಟಿರೋ ಬಿಸ್ಲು ಸುಮ್ನೆ ಯಾಕೆ ಹಾಳಾಗ್ಬೇಕು ಅಂತ ಹಾಕ್ದೆ.”

“ಅತ್ತಿಗೆ ಪರೀಕ್ಷೆ ನಿಂತೋಗುತ್ತೆ ಅಜ್ಜಿ!” ಎಂದೆ.

ಹಸಿ ಸಂಡಿಗೆಯನ್ನು ಅಲುಗಿಸಬಾರದು ಎಂಬುದು ನಮ್ಮ ಮನೆಯ ಕಾನೂನು. ಅಲುಗಿಸಿದ ಮೊಮ್ಮಕ್ಕಳ ಬೆನ್ನಿಗೆ ಆ ಕೋಲಿನ ಪರಿಚಯವಿದೆ. ಅಜ್ಜಿ ಒಮ್ಮೆ ಸಂಡಿಗೆ ನೋಡಿದಳು, ಒಮ್ಮೆ ಮೆಟ್ಟಿಲ ಕಡೆ ನೋಡಿದಳು. ಆಮೇಲೆ ಕೋಲು ಬಿಸಾಡಿ, “ನೋಡ್ತಾ ನಿಂತ್ಕೊಂಡ್ಯಲ್ಲ, ಹಿಡ್ಕೊಳ್ಳೋ ಆ ಕಡೆ” ಎಂದಳು. ಇಬ್ಬರೂ ಪಂಚೆ ಎತ್ತಿದೆವು. ಸಾಲುಸಾಲಾಗಿದ್ದ ಸಂಡಿಗೆಗಳೆಲ್ಲ ಜಾರಿ ನಡುವೆ ಸೇರಿ ಒಂದೇ ಮುದ್ದೆಯಾದವು.

ಕೆಳಗಿನ ಕುಂಯ್ ಸದ್ದು ನಿಂತಿತು. ಬ್ಯಾಟರಿ ಮತ್ತೆ ಉಸಿರಾಡಿತೋ, ಕೊನೆಯುಸಿರೆಳೆಯಿತೋ ತಿಳಿಯದೆ ಹೆದರುತ್ತಲೇ ಇಳಿದು ಬಂದೆ. ಅತ್ತಿಗೆ ತಲೆಯೆತ್ತದೆ ಟೈಪು ಮಾಡುತ್ತಿದ್ದರು.

ಅವರು ಪಾಸಾದರು. ಕುರ್ಚಿಯೂ ಸಿಕ್ಕಿತು. ಮನೆಯಲ್ಲಿ ಎಲ್ಲರೂ ಲಿನಕ್ಸನ್ನೂ ಸೂರ್ಯನನ್ನೂ ಹೊಗಳಿದರು. ನನ್ನ ಪಾಲಿಗೂ ಸ್ವಲ್ಪ ಬಂತು. ಆದರೆ ನನಗೊಂದು ಮಾತು ಹೊಳೆಯಿತು. ಸೂರ್ಯ ಎಷ್ಟು ಕೊಟ್ಟರೂ ಅವನಿಗೆ ಕಡಿಮೆಯಾಗುವುದಿಲ್ಲ. ಲಿನಕ್ಸ್ ಕೂಡ ಹಾಗೆಯೇ, ಹಂಚಿದ ಮೇಲೂ ಹಂಚಿದವರ ಹತ್ತಿರ ಇದ್ದೇ ಇರುತ್ತದೆ. ಸಂಡಿಗೆ ಹಾಗಲ್ಲ, ಅಂದು ಅಜ್ಜಿ ಬಿಟ್ಟುಕೊಟ್ಟದ್ದು ಅವಳಿಗೆ ತಿರುಗಿ ಬರಲಿಲ್ಲ.

ಮಾರನೆಯ ದಿನ ಅವಳು ಮತ್ತೆ ಅಕ್ಕಿ ನೆನೆಹಾಕಿದಳು. ನಾನು ಪ್ಯಾನೆಲ್ಲನ್ನು ನೀರಿನ ಟ್ಯಾಂಕಿನ ಮಗ್ಗುಲಿಗೆ ಸರಿಸಿ, ತಾರಸಿಯ ಒಳ್ಳೆಯ ಬಿಸಿಲನ್ನು ಅವಳಿಗೆ ಬಿಟ್ಟೆ. ಸಂಜೆ ಟ್ಯಾಂಕಿನ ನೆರಳು ಬೀಳುವುದರಿಂದ ಬ್ಯಾಟರಿ ಈಗ ಸ್ವಲ್ಪ ಕಡಿಮೆ ತುಂಬುತ್ತದೆ. ಅಷ್ಟು ಸಾಕು.