ಕಬ್ಬಿಣದ ಮೆಟ್ಟಿಲ ಸಪ್ಪಳ

ಆ ಶ್ರಾವಣದಲ್ಲಿ ನಾನು ಒಂದೇ ಜಾಗದಲ್ಲಿ ಹದಿನೇಳು ಸಲ ಸತ್ತೆ. ಬಂದರಿನ ಒಂದು ಗೋದಾಮು. ಎದುರಿಗೆ ಸಾಲಾಗಿ ಪೀಪಾಯಿಗಳು, ಬಲಗಡೆ ಅಟ್ಟಕ್ಕೆ ಹೋಗುವ ಕಬ್ಬಿಣದ ಮೆಟ್ಟಿಲು. ಬಂದೂಕು ಹಿಡಿದು ಪೀಪಾಯಿಗಳ ನಡುವೆ ನಾಲ್ಕು ಹೆಜ್ಜೆ ಇಡುವುದರೊಳಗೆ ಬಲದಿಂದ ಯಾವನೋ ಬಂದು ಹೊಡೆಯುತ್ತಿದ್ದ. ಲ್ಯಾಪ್‌ಟಾಪಿನ ಪರದೆ ಕೆಂಪಾಗುತ್ತಿತ್ತು. ನಾನು ಮೌಸನ್ನು ಮೇಜಿಗೆ ಕುಕ್ಕಿ ಎದ್ದು, ಅಂಗಳಕ್ಕೆ ಹೋಗಿ ಮಳೆ ನೋಡಿ, ಮಳೆಗೂ ಎರಡು ಬೈದು, ಮತ್ತೆ ಬಂದು ಕೂರುತ್ತಿದ್ದೆ.

ನಮ್ಮದು ತಾಂಡೂರಿನಲ್ಲಿ, ನೆಲಕ್ಕೆ ಹಾಸುವ ಫರಸಿ ಕಲ್ಲು ಪಾಲಿಶ್ ಮಾಡುವ ಸಣ್ಣ ಕಾರ್ಖಾನೆ. ಅಣ್ಣ ಗಿರಾಕಿಗಳನ್ನು ನೋಡಿಕೊಳ್ಳುತ್ತಾನೆ, ನಾನು ಕಲ್ಲು ನೋಡುತ್ತೇನೆ. ಮಳೆ ಹಿಡಿಯಿತೆಂದರೆ ಗಣಿಗಳಲ್ಲಿ ನೀರು ನಿಲ್ಲುತ್ತದೆ, ಕಲ್ಲು ಮೇಲೆ ಬರುವುದಿಲ್ಲ, ಯಂತ್ರಗಳು ಸುಮ್ಮನಾಗುತ್ತವೆ. ಸುಮ್ಮನಿರುವುದು ನನ್ನ ಜಾಯಮಾನದಲ್ಲೇ ಇಲ್ಲ. ಪಂಚಮಿಗೆಂದು ನಾರಾಯಣಖೇಡದ ತವರಿಗೆ ಹೋದ ಹೆಂಡತಿ ಇನ್ನೂ ಬಂದಿರಲಿಲ್ಲ. ಅವಳಿದ್ದಿದ್ದರೆ ಜಗಳವಾಡಿಯಾದರೂ ಹೊತ್ತು ಕಳೆಯುತ್ತಿದ್ದೆ. ಕಾಲು ಸುಟ್ಟ ಬೆಕ್ಕಿನ ಹಾಗೆ ಮನೆ ತುಂಬ ತಿರುಗುತ್ತಿದ್ದ ನನ್ನನ್ನು ನೋಡಲಾರದೆ ಅಣ್ಣನ ಮಗಳು ತನ್ನ ಲ್ಯಾಪ್‌ಟಾಪ್ ಮುಂದೆ ಕೂರಿಸಿದಳು. ಡಿಗ್ರಿ ಮುಗಿಸಿ ಯಾವುದೋ ಸರ್ಕಾರಿ ಪರೀಕ್ಷೆಗೆ ಓದುತ್ತಿದ್ದ ಹುಡುಗಿ. ಓದಿ ಓದಿ ತಲೆ ಕೆಟ್ಟಾಗ ಗುಂಡು ಹಾರಿಸುತ್ತಾಳಂತೆ.

“ಕಾಕಾ, ನೀವು ಅಪ್ಪ ಕೂಡಿ ನೋಡಿದ್ದು ಅಂತ ಹೇಳ್ತಿರ್ತೀರಲ್ರಿ, ಅದೇ ಸಿನಿಮಾದ್ದು ಆಟ ಇದು. ಆಡ್ರಿ, ಇಲ್ಲಾಂದ್ರ ತಿರುಗಿ ತಿರುಗಿ ಮನಿ ಫರಸಿ ಸವಸ್ತೀರಿ,” ಅಂದಳು.

ಆ ಸಿನಿಮಾ ನನಗೆ ಬಾಯಿಪಾಠ. ಮೀಸೆ ಮೂಡುವ ವಯಸ್ಸಿನಲ್ಲಿ ನಾನೂ ಅಣ್ಣನೂ ಕಲ್ಲಿನ ಲಾರಿ ಹತ್ತಿ ಜಹೀರಾಬಾದಿಗೆ ಹೋಗಿ, ಲಾರಿ ಖಾಲಿಯಾಗುವಷ್ಟರಲ್ಲಿ ಟಾಕೀಸಿಗೆ ನುಗ್ಗಿ ನೋಡಿ ಬಂದಿದ್ದೆವು. ತೆಲುಗಿಗೆ ಡಬ್ ಮಾಡಿದ ಇಂಗ್ಲಿಷ್ ಸಿನಿಮಾ, ಇಂಗ್ಲಿಷಿನವನು ತೆಲುಗಿನಲ್ಲಿ ಬೈಯುವುದನ್ನು ಕೇಳುವುದೇ ಒಂದು ಖುಷಿ. ಗೋದಾಮಿನ ದೃಶ್ಯದಲ್ಲಿ ನಾಯಕ ಹೊಗೆಯೊಳಗಿಂದ ನಿಧಾನವಾಗಿ ನಡೆದು ಬಂದಾಗ ಜನ ಬೆಂಚು ಹತ್ತಿ ಸಿಳ್ಳೆ ಹೊಡೆದಿದ್ದರು. ಆಟದಲ್ಲಿ ನೋಡಿದರೆ ಆ ನಾಯಕನ ಮುಖವೇ ಕಾಣುವುದಿಲ್ಲ. ಪರದೆಯ ಕೆಳಗೆ ಎರಡು ಕೈ, ಒಂದು ಬಂದೂಕು, ಅಷ್ಟೇ. ಆ ಕೈಗಳು ನನ್ನವೇ ಅಂದುಕೊಳ್ಳಬೇಕಂತೆ. ಮೊದಲ ಎರಡು ಹಂತ ಸಿನಿಮಾದ ನೆನಪಿನ ಮೇಲೆಯೇ ದಾಟಿಬಿಟ್ಟೆ. ಯಾರು ದ್ರೋಹಿ, ಯಾವ ಬಾಗಿಲ ಹಿಂದೆ ಬಾಂಬು, ಎಲ್ಲ ಗೊತ್ತಲ್ಲ! ಸೊಕ್ಕು ಬಂತು. ಮೂರನೇ ಹಂತದ ಗೋದಾಮಿನಲ್ಲಿ ಆ ಸೊಕ್ಕು ಇಳಿಯಿತು.

“ಸಿನಿಮಾದಾಗ ಬಲಕ್ಕ ಯಾರೂ ಇರ್ಲಿಲ್ಲ! ಎಡಗಡಿ ಬಾಗಿಲದಿಂದ ಬರ್ತಾನ ಆ ನನ್ಮಗ,” ಅಂತ ನಾನು ಕೂಗಾಡಿದೆ.

“ಸಿನಿಮಾದಾಗ ಅವಗ ಎಲ್ಲಾ ಬರದ್ ಕೊಟ್ಟಿದ್ರು ಕಾಕಾ. ಇಲ್ಲಿ ನಾವೇ ಕೇಳಿ ಆಡಬೇಕು. ಮೆಟ್ಲ ಇಳ್ಯಾಕತ್ತಾನ, ಸಪ್ಪಳ ಬರಾಕತ್ತದಲ್ರಿ.”

“ಯಾವ ಸಪ್ಪಳ? ನಿನ್ನ ಈ ಹೆಡ್‌ಫೋನು ಕೆಟ್ಟದ. ಇದೊಂದು ಲಡಾಸು ಸಾಮಾನು.”

“ಕುಣೀಲಾರ್ದಾಕಿ ನೆಲ ಡೊಂಕು ಅಂದ್ಳಂತ,” ಎಂದು ನಗುತ್ತಾ ಅವಳು ಹೆಡ್‌ಫೋನ್ ತನ್ನ ತಲೆಗೆ ಹಾಕಿಕೊಂಡಳು. ಮಧ್ಯಾಹ್ನ ಅಣ್ಣ ಮಲಗುವ ಹೊತ್ತು, ಗುಂಡಿನ ಸದ್ದು ಹೊರಗೆ ಬರಬಾರದೆಂದು ನಾವು ಹೆಡ್‌ಫೋನ್ ಹಾಕಿಯೇ ಆಡುತ್ತಿದ್ದೆವು. ಅವಳು ಪೀಪಾಯಿಗಳ ನಡುವೆ ನಾಲ್ಕು ಹೆಜ್ಜೆ ಇಟ್ಟಳು, ತಟ್ಟನೆ ಬಲಕ್ಕೆ ತಿರುಗಿದಳು, ಒಂದೇ ಗುಂಡು, ಅವನು ಮೆಟ್ಟಿಲ ಮೇಲಿಂದ ಉರುಳಿದ. “ಹೆಡ್‌ಫೋನು ಚಲೋ ಅದಲ್ರಿ” ಅಂದಳು. ಆಮೇಲೆ ಏನನ್ನಿಸಿತೋ, ಹೆಡ್‌ಫೋನನ್ನು ತಿರುವುಮುರುವು ಮಾಡಿ, ಬಲದ್ದು ಎಡಕ್ಕೆ ಬರುವ ಹಾಗೆ ನನ್ನ ತಲೆಗೆ ಇಟ್ಟು, ಗೋದಾಮನ್ನು ಮತ್ತೆ ಮೊದಲಿನಿಂದ ಶುರು ಮಾಡಿದಳು.

ಕೇಳಿಸಿತು. ಎಡಗಿವಿಯಲ್ಲಿ, ಎಲ್ಲೋ ದೂರದಲ್ಲಿ, ಕಬ್ಬಿಣದ ಮೇಲೆ ಬೂಟಿನ ಸಪ್ಪಳ. ಕಡ್ ಕಡ್ ಕಡ್. ಹದಿನೇಳು ಸಲವೂ ಅವನು ಹೀಗೆಯೇ ಸಪ್ಪಳ ಮಾಡಿಕೊಂಡೇ ಇಳಿದು ಬಂದಿದ್ದ. ನಾನು ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟೆ. ಹುಡುಗಿ ಈ ಸಲ ನಗಲಿಲ್ಲ.

ಬೇರೆ ಯಾರಿಗಾದರೂ ಇದು ಅಷ್ಟು ದೊಡ್ಡ ಮಾತಲ್ಲ. ವಯಸ್ಸಾಯಿತು, ಒಂದು ಕಿವಿ ಮಂದವಾಯಿತು. ಆದರೆ ನನ್ನ ಅನ್ನವೇ ಕಿವಿಯದು. ನಮ್ಮ ಕಡೆಯ ಕಲ್ಲು ಪದರ ಪದರವಾಗಿ ಬರುತ್ತದೆ. ಮೇಲೆ ಎಷ್ಟು ನುಣುಪಾಗಿದ್ದರೂ ಒಳಗೆ ಕೂದಲೆಳೆಯಷ್ಟು ಬಿರುಕಿದ್ದರೆ ಯಂತ್ರದ ಕೆಳಗೆ ಎರಡಾಗುತ್ತದೆ. ಅದಕ್ಕೇ ಕೊಳ್ಳುವ ಮುಂಚೆ ಕಲ್ಲನ್ನು ನಿಲ್ಲಿಸಿ, ಸಣ್ಣ ಸುತ್ತಿಗೆಯಿಂದ ತಟ್ಟಿ, ಕಿವಿಗೊಟ್ಟು ಕೇಳಬೇಕು. ಗಟ್ಟಿ ಕಲ್ಲು ಠಣ್ ಅನ್ನುತ್ತದೆ. ಬಿರುಕಿದ್ದದ್ದು ಸೀಳಿದ ಮಡಕೆಯ ಹಾಗೆ ದಬ್ ಅನ್ನುತ್ತದೆ. ಅಪ್ಪನ ನಂತರ ಈ ಕೆಲಸ ನನ್ನದೇ. ಸಂಶಯ ಬಂದರೆ ಬೇರೆ ಕಾರ್ಖಾನೆಯವರೂ ನನ್ನನ್ನು ಕರೆದು ಕೇಳಿಸುತ್ತಿದ್ದರು, ನಾನು ದಬ್ ಅಂದರೆ ದಬ್. ಅದರ ಮೇಲೆ ಯಾರೂ ಮಾತಾಡುತ್ತಿರಲಿಲ್ಲ.

ಅಂದು ಮಳೆ ಸ್ವಲ್ಪ ಬಿಟ್ಟ ಕೂಡಲೇ ಹುಡುಗಿಯನ್ನು ಕರೆದುಕೊಂಡು ಕಾರ್ಖಾನೆಗೆ ಹೋದೆ. ನಾನು ಬೇಡವೆಂದು ಬದಿಗೆ ಹಾಕಿಸಿದ್ದ ಕಲ್ಲುಗಳು ಗೋಡೆಗೆ ಒರಗಿದ್ದವು. ಒಂದನ್ನು ತಟ್ಟಿದೆ.

“ಏನು ಕೇಳ್ತದ ನಿನಗ?”

“ಗಂಟಿ ಬಾರ್ಸ್ದಂಗ ಕೇಳ್ತದ.”

ನನಗೆ ದಬ್ ಎಂದಿತ್ತು. ಇನ್ನೊಂದು ತಟ್ಟಿದೆ, ಮತ್ತೊಂದು ತಟ್ಟಿದೆ. ತಲೆ ವಾಲಿಸಿ ಎಡಗಿವಿ ಹಚ್ಚಿದೆ. ಎಲ್ಲವೂ ದಬ್. ಹುಡುಗಿಗೆ ಮಾತ್ರ ಎಲ್ಲವೂ ಗಂಟೆ. ಬಲಗಿವಿ ಪೂರ್ತಿ ಹೋಗಿತ್ತು, ಎಡದ್ದೂ ಅದರ ಹಿಂದೆಯೇ ಹೊರಟಿತ್ತು. ಸಣ್ಣ ದನಿಗಳು, ತೆಳ್ಳನೆಯ ದನಿಗಳು ಯಾವಾಗಲೋ ನನ್ನನ್ನು ಬಿಟ್ಟು ಹೋಗಿದ್ದವು, ದಪ್ಪ ದನಿ ಮಾತ್ರ ಉಳಿದಿತ್ತು. ಅಂದರೆ ನಾನು ತಟ್ಟಿದ ಯಾವ ಕಲ್ಲೂ ನನ್ನ ಪಾಲಿಗೆ ಇನ್ನು ಗಟ್ಟಿಯಲ್ಲ. ವರ್ಷದಿಂದ ನಾನು ಅರ್ಧಕ್ಕರ್ಧ ಕಲ್ಲು ಬೇಡವೆನ್ನುತ್ತಿದ್ದೆ, ಅಣ್ಣ “ಈಗಿನ ಭೂಮೀನೇ ಕೆಟ್ಟದ” ಎಂದು ನಿಟ್ಟುಸಿರು ಬಿಡುತ್ತಿದ್ದ. ಬೇಡವೆಂದ ಕೆಲವು ಕಲ್ಲುಗಳನ್ನು ಪಕ್ಕದ ಕಾರ್ಖಾನೆಯವನು ಒಯ್ದು ಪಾಲಿಶ್ ಮಾಡಿ ಮಾರಿದ, ಒಡೆಯಿತೆಂದು ಯಾವ ಗಿರಾಕಿಯೂ ತಿರುಗಿ ಬರಲಿಲ್ಲ. ಅವನ ಗಿರಾಕಿಗಳಿಗೆ ಕಣ್ಣಿಲ್ಲ ಎಂದು ನಾನು ನಕ್ಕಿದ್ದೆ.

ಆಗ ಮಾಮನ ನೆನಪು ಬಂತು. ಬಂದ ಮೇಲೆ ಹೋಗಲಿಲ್ಲ.

ಮಾಮ ಅಂದರೆ ನಂಟರಲ್ಲ. ಯಾಲಾಲ್ ಕಡೆಯ ಹಳ್ಳಿಯವರು, ಒಕ್ಕಲುತನದ ಜೊತೆಗೆ ಸಣ್ಣದೊಂದು ಗಣಿ ಇಟ್ಟುಕೊಂಡವರು, ಅಪ್ಪನ ಕಾಲದಿಂದ ನಮಗೆ ಕಲ್ಲು ಹಾಕುತ್ತಿದ್ದವರು. ಹೋದ ವರ್ಷದ ಬೇಸಿಗೆಯಲ್ಲಿ ಅವರ ಟ್ರ್ಯಾಕ್ಟರ್ ಬಂದಾಗ ತಟ್ಟಿದ ಕಲ್ಲೆಲ್ಲ ದಬ್ ಅಂದವು. ಮೇಲಿಂದ ಕೆಳಗಿನ ತನಕ ಒಂದೂ ಬಿಡದೆ. ನನಗೆ ಪಿತ್ತ ನೆತ್ತಿಗೇರಿತು. ಹಮಾಲರ ಮುಂದೆ, ಲಾರಿ ಡ್ರೈವರನ ಮುಂದೆ, ಅಲ್ಲಿಯ ತನಕ ಮಾಮಾ, ಬರ್ರಿ, ಕೂಡ್ರಿ ಎನ್ನುತ್ತಿದ್ದ ಬಾಯಿಂದ, “ಅಪ್ಪನ ಕಾಲದ ಸಲಿಗಿ ಅಂತ ಒಡಕ ಕಲ್ಲು ತಂದ್ ಸುರೀತಿ ಏನೋ? ನಮಗೇನು ಕಿವುಡ್ರ ಅಂತ ತಿಳ್ದೀ?” ಅಂದೆ. ಅವರು ಒಂದು ಮಾತೂ ಆಡಲಿಲ್ಲ. ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು, ಟ್ರ್ಯಾಕ್ಟರ್ ತಿರುಗಿಸಿಕೊಂಡು ಹೋದರು. ಕಳ್ಳ, ಅದಕ್ಕೇ ಮಾತಿಲ್ಲ ಎಂದು ನಾನು ಎಲ್ಲರೆದುರು ಹೇಳಿದೆ. ಅವರು ಮತ್ತೆ ನಮ್ಮ ಕಡೆ ಬರಲಿಲ್ಲ.

ಮುಂದಿನ ಒಂದು ವಾರ ನಾನು ಏನು ಮಾಡಿದೆ ಅಂದರೆ, ಆಟ ಆಡಿದೆ. ಹೆಡ್‌ಫೋನ್ ತಿರುವಿ ಹಾಕಿಕೊಂಡು, ಎಡಗಿವಿಯಲ್ಲಿ ಕೇಳಿದರೆ ಬಲಕ್ಕೆ ತಿರುಗಬೇಕು ಎಂದು ಬುದ್ಧಿಗೆ ಹೇಳಿಕೊಡುತ್ತಾ ಆಡಿದೆ. ಗೋದಾಮು ದಾಟಿದೆ. ಆಚೆ ಹಡಗು, ಹಡಗಿನ ಆಚೆ ಸುರಂಗ. ನೂರಾರು ಮಂದಿಯನ್ನು ಹೊಡೆದು ಹಾಕಿದೆ, ಒಂದು ಚೂರೂ ಖುಷಿ ಹುಟ್ಟಲಿಲ್ಲ. ಬೆಳಿಗ್ಗೆ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕೂತರೆ ದೃಷ್ಟಿ ನಿಲ್ಲುತ್ತಿರಲಿಲ್ಲ, ಆ ಟವೆಲು, ಆ ಮುಖ. ಯಾಲಾಲ್ ಹಾದಿಗೆ ಎರಡು ಸಲ ಬೈಕ್ ತಿರುಗಿಸಿದೆ. ಒಮ್ಮೆ ಮಳೆ ಬರುತ್ತದೆ ಎಂದು ವಾಪಸ್ ಬಂದೆ, ಒಮ್ಮೆ ಮಳೆ ನಿಂತಿದೆ, ಅವರು ಹೊಲಕ್ಕೆ ಹೋಗಿರುತ್ತಾರೆ ಎಂದು ವಾಪಸ್ ಬಂದೆ. ಹೆಂಡತಿ ನಾರಾಯಣಖೇಡದಿಂದ ಫೋನ್ ಮಾಡಿ, “ನಾ ಹೇಳೋದು ಕೇಳಾಕತ್ತದೋ ಇಲ್ಲೋ?” ಎಂದು ಎಂದಿನಂತೆ ರೇಗಿದಾಗ ನನಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. “ಇಲ್ಲ” ಅಂದೆ. ಅವಳು ತಮಾಷೆ ಎಂದುಕೊಂಡು ಫೋನ್ ಇಟ್ಟಳು.

ಒಂದು ಮಧ್ಯಾಹ್ನ ಅಣ್ಣ ಊಟಕ್ಕೆ ಕೂತಾಗ, “ಮಳಿ ಹೊಳವಾತು, ಮುಂದಿನ ವಾರ ಕಲ್ಲು ಬರ್ತಾವ. ನೀ ಒಬ್ಬ ಇದ್ದೀ ಅಂತ ನಾ ನಿಶ್ಚಿಂತ ಇದ್ದೀನಿ ನೋಡು,” ಅಂದ. ನಾನು ತಟ್ಟೆಯಲ್ಲಿದ್ದ ರೊಟ್ಟಿಯನ್ನು ಚೂರು ಚೂರು ಮುರಿಯುತ್ತಾ ಕೂತೆ. ಅವನು ಕೈ ತೊಳೆಯಲು ಹೋದಾಗ ಹುಡುಗಿ ನನ್ನ ಎಡಗಡೆ ಬಂದು ಕೂತಳು. ಈಚೆಗೆ ಅವಳು ಎಡಗಡೆಯೇ ಕೂರುತ್ತಿದ್ದಳು.

“ಅಪ್ಪಗ ನೀವು ಹೇಳ್ತೀರೋ, ನಾ ಹೇಳ್ಲೋ?”

“ನಿನ್ನ ಓದು ನೀ ಓದ್ಕೋ ಹೋಗು!” ಎಂದು ಗದರಿದೆ. ಅವಳು ಅಲುಗಲಿಲ್ಲ. ಸ್ವಲ್ಪ ಹೊತ್ತಿಗೆ ನನಗೇ ನಾಚಿಕೆಯಾಯಿತು. “ಅಪ್ಪಗ ಸಂಜಿಕ ಹೇಳ್ತೀನಿ. ಅದಕ್ಕ ಮೊದಲ ಒಬ್ರ ಕಡಿ ಹೋಗಿ ಬರ್ಬೇಕು,” ಅಂದೆ. ಕೈ ತೊಳೆದವನು ಕೂರದೆ ಹಾಗೆಯೇ ಬೈಕ್ ಹತ್ತಿದೆ.

ದಾರಿಯುದ್ದಕ್ಕೂ ಬೈಗುಳಕ್ಕೆ ತಯಾರಾಗುತ್ತಾ ಹೋದೆ. ಬೈಯಲಿ, ಹೊಡೆಯಲಿ, ಹೊರಗೆ ಹಾಕಲಿ. ಅಷ್ಟಾದರೆ ನನಗೂ ಸಮಾಧಾನ. ಮಾಮ ಮನೆಯ ಕಟ್ಟೆಯ ಮೇಲೆ ಕೂತು ಕುಂಟೆಗೆ ಹಗ್ಗ ಬಿಗಿಯುತ್ತಿದ್ದರು. ನನ್ನನ್ನು ನೋಡಿ ದಡಬಡಿಸಿ ಎದ್ದರು.

“ಬರ್ರಿ ಸಣ್ಣ ಸಾವ್ಕಾರ್ರ, ಬರ್ರಿ. ದೊಡ್ಡವರು ಆರಾಮ ಹಾರೇನ್ರಿ?”

ಒಳಗೆ ಚಹಾಕ್ಕೆ ಹೇಳಿದರು. ಕೂರಲು ಚಾಪೆ ಝಾಡಿಸಿ ಹಾಸಿದರು. ಮನೆಯ ಪಕ್ಕದ ಗೋಡೆಗೆ ಫರಸಿ ಕಲ್ಲುಗಳು ಒರಗಿದ್ದವು, ಒಂದು ಟ್ರ್ಯಾಕ್ಟರಿನಷ್ಟು, ಬುಡದಲ್ಲಿ ಪಾಚಿ ಕಟ್ಟಿತ್ತು. ನಾನು ಅವನ್ನು ನೋಡುವುದನ್ನು ಅವರು ನೋಡಿದರು.

“ಅವೇ ರೀ ಅವು. ಒಡಕ ಅಂತ ಗೊತ್ತಾದ ಮ್ಯಾಲ ಇನ್ನೊಬ್ರಿಗಿ ಹೆಂಗ ಮಾರ್ಲಿ? ಖಣೀನೂ ಮುಚ್ಚಿಬಿಟ್ಟೆ.”

“ಯಾಕ್ರಿ ಮಾಮಾ?”

“ನೀವೇ ಅಂದ್ರೆಲ್ಲ.”

ಕೂತಿದ್ದವನು ಎದ್ದೆ. ಹಾದಿಯಲ್ಲಿ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತು ಹೋಯಿತು. “ನಿಮ್ಮ ಕಲ್ಲು ಚಲೋ ಇದ್ವು ಮಾಮಾ,” ಅಂದೆ. “ನನ್ನ ಕಿವಿ ಹೋಗ್ಯಾವ. ನಂದೇ ತಪ್ಪು. ನನಗ ಎಲ್ಲಾ ಕಲ್ಲೂ ಒಡಕೇ ಕೇಳ್ತಾವ.”

ಅವರು ನನ್ನ ಹತ್ತಿರ ಬಂದರು. ಆಮೇಲೆ ನನಗೆ ಕೇಳಲೆಂದು ದನಿ ಏರಿಸಿ, ಒಂದೊಂದೇ ಮಾತು ಬಿಡಿಸಿ ಹೇಳಿದರು.

“ಆ ದಿನ ಮನಿಗಿ ತಂದು ಒಂದೊಂದೇ ತಟ್ಟಿ ನೋಡ್ದೆ ರೀ. ಎಲ್ಲಾ ಠಣ್ ಅಂದ್ವು. ಸಾವ್ಕಾರ್ರು ತಪ್ಪು ಹೇಳಂಗಿಲ್ಲ, ನನ್ನ ಕಿವೀನೇ ಕೆಟ್ಟಾವ ಅಂತ ತಿಳ್ಕೊಂಡು ಜಹೀರಾಬಾದಕ್ಕ ಹೋಗಿ ಡಾಕ್ಟರಿಗಿ ತೋರಿಸ್ದೆ. ಏನೂ ಆಗಿಲ್ಲ ಮುತ್ಯಾ, ಹುಡುಗರಂಥ ಕಿವಿ ಅವ ನಿನ್ನವು ಅಂದ. ನಿನಗೇನು ತಿಳೀತದ ಅಂತ ಅವಗ ಬೈದು ಬಂದ್ನಿ.”

ಚಹಾ ಬಂತು. ಅವರು ಮುಟ್ಟಲಿಲ್ಲ. ಒಳಗೆ ಹೋಗಿ ಸುತ್ತಿಗೆ ತಂದು, ಗೋಡೆಯ ಹತ್ತಿರ ಹೋಗಿ ಮೊದಲನೇ ಕಲ್ಲು ತಟ್ಟಿ ಕೇಳಿದರು. ಎರಡನೆಯದು ತಟ್ಟಿದರು. ನಾನು ಹಿಂದೆ ಹೋಗಿ ನಿಂತೆ.

“ಒಂದು ವರ್ಷದ ಮ್ಯಾಲಾತು ರೀ,” ಅಂದರು, ನನ್ನ ಕಡೆ ತಿರುಗದೆ. “ಮನ್ಯಾಗ ಯಾರು ಏನು ಅಂದ್ರೂ ಇನ್ನೊಮ್ಮಿ ಹೇಳ್ರಿ, ಇನ್ನೊಮ್ಮಿ ಹೇಳ್ರಿ ಅಂತಿದ್ದೆ. ಕೇಳಿದ್ದು ಖರೇ ಅಂತ ಅನಸ್ತಿರಲಿಲ್ಲ.”

ನಾನು ಅವರ ಕಾಲು ಮುಟ್ಟಲು ಬಗ್ಗಿದೆ. ಅವರು ಕಾಲು ಹಿಂದಕ್ಕೆ ತೆಗೆದುಕೊಂಡು, ಮುಂದಿನ ಕಲ್ಲು ತಟ್ಟಿದರು.