ದೊಡ್ಡಕ್ಕ ಹೇಳಿದ್ದು, ಮೇಷ್ಟ್ರು ಬರೆದದ್ದು

ಡ್ರಮ್ ಶಾಲೆಯ ಕೆಳಗಿನ ಕೋಣೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಡ್ರಮ್ ರಿಪೇರಿ ಮಾಡುತ್ತಿದ್ದ ಹೆಂಗಸನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ಮಹಡಿಯ ಮೇಲೆ ಶಾಲೆ ನಡೆಸುತ್ತಿದ್ದವನು ಅವಳ ತಂಗಿಯ ಗಂಡ, ಊರಿಗೆಲ್ಲ ಮೇಷ್ಟ್ರು. ಬಾರಿಸುವುದರಲ್ಲಿ ಗಟ್ಟಿಗ, ಮಾತಂತೂ ಅರಳು ಹುರಿದಂತೆ. ಆದರೆ ಡ್ರಮ್ಮಿನ ಹೊಟ್ಟೆಯೊಳಗೆ ಏನಿದೆ ಎಂದು ಯಾರಾದರೂ ಕೇಳಿದರೆ ಕೆಳಗಿನ ಕೋಣೆಯತ್ತ ಕೈ ತೋರಿಸುತ್ತಿದ್ದ.

ದೊಡ್ಡಕ್ಕನ ಅಪ್ಪ ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಿದ್ದವರು. ಮಗಳಿಗೆ ಕೋಲು ಮುಟ್ಟಲು ಬಿಡಲಿಲ್ಲ. ಹರಿದ ಚರ್ಮ ಬದಲಿಸುವುದಕ್ಕೆ ಮಾತ್ರ ಕರೆಯುತ್ತಿದ್ದರು. ಆ ಸಿಟ್ಟಿನಲ್ಲೇ ಅವಳು ಕೆಲಸ ಕಲಿತಳು.

ಒಂದು ವರ್ಷ ಮೇಷ್ಟ್ರು, ಕಲಿಯುವವರಿಗೆ ಪುಸ್ತಕ ಬರೆಯುತ್ತೇನೆಂದು ನೋಟ್‌ಬುಕ್ ಹಿಡಿದು ಕೆಳಗಿಳಿದ. ಮೂರು ವಾರ ಅವಳ ಪಕ್ಕದಲ್ಲೇ ಕೂತ. ಅವಳು ಕೈಕೆಲಸ ಬಿಡದೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಸ್ನೇರ್ ಎಂದರೆ ಅಡಿಯಲ್ಲಿ ತಂತಿ ಬಿಗಿದ ಡ್ರಮ್, ಆ ತಂತಿ ಸಡಿಲಿಸಿದರೆ ಅದು ಬರೀ ಡಬ್ಬ. ಹೈಹ್ಯಾಟ್ ಎಂದರೆ ಬಾಯಿಗೆ ಬಾಯಿ ಇಟ್ಟು ಕೂತ ಎರಡು ತಾಳ, ಕಾಲಲ್ಲಿ ತುಳಿದರೆ ಮುಚ್ಚಿಕೊಳ್ಳುತ್ತವೆ. ಫ್ಲ್ಯಾಮ್ ಎಂದರೆ ಎರಡು ಪೆಟ್ಟು, ತಂಗಿ ಓಡಿ ಬಂದು ಅಕ್ಕನಿಗಿಂತ ಕೂದಲೆಳೆಯಷ್ಟು ಮುಂಚೆ ಬಾಗಿಲು ತಟ್ಟಿದ ಹಾಗೆ. ಚರ್ಮ ಬಿಗಿಸುವಾಗ ಒಂದು ಸ್ಕ್ರೂ ಆದ ಮೇಲೆ ಪಕ್ಕದ್ದಕ್ಕೆ ಕೈ ಹಾಕಬಾರದು, ಎದುರಿನದ್ದು ಹಿಡಿಯಬೇಕು. ಅದೂ ಸ್ವಲ್ಪ ಸ್ವಲ್ಪವೇ. ಇದನ್ನು ಅವಳು ಮೂರು ಸಲ ಹೇಳಿದ್ದಳು.

ಪುಸ್ತಕ ಬಂತು. ಹೊದಿಕೆಯ ಮೇಲೆ ಮೇಷ್ಟ್ರ ಫೋಟೊ. ಒಳಗೆ ತಂಗಿ ಬಾಗಿಲು ತಟ್ಟಿದ ಮಾತೂ ಇತ್ತು, ಅವನದೇ ಎಂಬಂತೆ. ಕೊನೆಯ ಪುಟದಲ್ಲಿ 'ನಮ್ಮ ರಿಪೇರಿ ಸಿಬ್ಬಂದಿಗೂ' ಕೃತಜ್ಞತೆ. ದೊಡ್ಡಕ್ಕ ಒಂದು ವಾರ ಹಲ್ಲು ಕಚ್ಚಿಕೊಂಡಿದ್ದಳು.

ಆಮೇಲೆ ಅಲ್ಲಿ ಕಲಿಯುತ್ತಿದ್ದ ಒಬ್ಬ ನರ್ಸ್ ತನ್ನ ಡ್ರಮ್ ತಂದಳು. ಚರ್ಮವನ್ನು ಅಂಚಿಗೆ ಹಿಡಿದಿಡುವ ಲೋಹದ ಬಳೆ ಸೊಟ್ಟಗಾಗಿ ಚರ್ಮ ಒಂದು ಬದಿ ಹರಿದಿತ್ತು. ಪುಸ್ತಕದಲ್ಲಿ ಇದ್ದಂತೆ ಸುತ್ತಲೂ ಸಾಲಾಗಿ, ಒಂದೊಂದನ್ನೂ ಪೂರ್ತಿ ಬಿಗಿಸಿದೆ ಎಂದು ಅಳುಮೋರೆ ಮಾಡಿದಳು. ಹಾಗಲ್ಲ, ಎದುರಿನದ್ದು ಹಿಡಿಯಬೇಕಿತ್ತು ಎಂದು ತಿಳಿಹೇಳಿದ ದೊಡ್ಡಕ್ಕ ಆ ಡ್ರಮ್ಮನ್ನು ಕಂಕುಳಲ್ಲಿ ಅವುಚಿಕೊಂಡು ಮೆಟ್ಟಿಲು ಹತ್ತಿದಳು. ನರ್ಸ್ ಹಿಂದೆಯೇ ಬಂದಳು. ಪಾಠ ನಡೆದಿತ್ತು. ಎಲ್ಲರೆದುರೇ ದೊಡ್ಡಕ್ಕ, ನಿನ್ನ ಪುಸ್ತಕ ನೋಡಿ ಬಿಗಿಸಿದ್ದಕ್ಕೆ ಹೀಗಾಗಿದೆ ಎಂದು ಡ್ರಮ್ ತೋರಿಸಿದಳು.

ಮೇಷ್ಟ್ರು ನಕ್ಕ. "ಅಚ್ಚಿನ ತಪ್ಪು ಅಕ್ಕ. ಕೆಳಗೆ ಮಾತಾಡೋಣ."

"ಅಚ್ಚಿನ ತಪ್ಪು ಅಕ್ಷರದಲ್ಲಿರತ್ತೆ. ಇದು ನೀನು ಕಿವಿಗೆ ಹಾಕ್ಕೊಳ್ಳದ ತಪ್ಪು. ನಾನು ಹೇಳಿದ್ದೆಲ್ಲ ನಿನ್ನದಾಯ್ತು, ನೀನು ಕೆಡಿಸಿದ್ದು ಪ್ರೆಸ್ಸಿನವರದಾಯ್ತಾ?"

"ಕೈಕೆಲಸ ಬೇರೆ, ವಿದ್ಯೆ ಬೇರೆ. ಒಪ್ಪವಾಗಿ ಬರೆದವನು ನಾನಲ್ವಾ?"

ಅವಳಿಗೆ ಅಂಗಾಲಿನ ಸಿಟ್ಟು ನೆತ್ತಿಗೇರಿತು. ಡ್ರಮ್ಮನ್ನು ಮೇಜಿನ ಮೇಲಿಟ್ಟು, ಸ್ಕ್ರೂಗಳನ್ನು ಸಡಿಲಿಸಿ, ಬಿಗಿಸುವ ಕೀಲಿ ಚಾಚಿ, ಎಲ್ಲರೂ ನೋಡುವ ಹಾಗೆ ಬಿಗಿಸಿ ತೋರಿಸು ಎಂದಳು. ಅವನು ಒಂದು ಸ್ಕ್ರೂ ತಿರುಗಿಸಿದ. ಪುಸ್ತಕದಲ್ಲಿ ಬರೆದಂತೆಯೇ ಕೈ ಪಕ್ಕದ್ದರತ್ತ ಹೋಯಿತು.

"ಎದುರಿನದ್ದು, ಮೇಷ್ಟ್ರೇ," ಎಂದಳು ನರ್ಸ್ ಮೆಲ್ಲಗೆ. ಹಿಂದಿನ ಸಾಲಿನವರು ನಗು ತಡೆದುಕೊಳ್ಳಲಾರದೆ ತಲೆ ತಗ್ಗಿಸಿದರು.

ಮರುದಿನ ತಂಗಿ ಬಂದು, ನನ್ನ ಗಂಡನ ಮಾನ ಬೀದಿಗೆ ತಂದೆಯಲ್ಲ ನೀನು ಎಂದು ಅತ್ತಳು. ದೊಡ್ಡಕ್ಕ ಕರಗಲಿಲ್ಲ. "ಅವನು ಎರವಲು ತಂದಿದ್ದ ಮಾನ ಕಣೇ ಅದು. ನಾನು ವಾಪಸ್ ಕೇಳಿದೆ, ಅಷ್ಟೇ."

ಎರಡು ತಿಂಗಳು ಅವಳು ಶಾಲೆಯ ಡ್ರಮ್ ಮುಟ್ಟಲಿಲ್ಲ. ಮೇಲೆ ಒಂದೊಂದಾಗಿ ಕೆಟ್ಟು ಕೂತವು. ಹೊರಗಿನವರು ಮಾಡಿಕೊಟ್ಟದ್ದು ವಾರ ನಿಲ್ಲಲಿಲ್ಲ. ಕೊನೆಗೆ ಮೇಷ್ಟ್ರು ಇಳಿದು ಬಂದು, ಪುಸ್ತಕ ಹಿಂದಕ್ಕೆ ತೆಗೆದುಕೊಂಡು ಹೊಸದಾಗಿ ಅಚ್ಚು ಹಾಕಿಸುತ್ತೇನೆ ಎಂದ. ಕರಡನ್ನು ತಾನೇ ನೋಡುವುದಾಗಿ ಅವಳು ಪಟ್ಟು ಹಿಡಿದಳು. ನೋಡಿ ಇನ್ನೂ ನಾಲ್ಕು ತಪ್ಪು ಹೊಡೆದು ಹಾಕಿದಳು. ಹೊದಿಕೆಯ ಮೇಲೆ ಅವಳ ಹೆಸರು ಮೊದಲು ಬಂತು.

ರಿಪೇರಿ ಮತ್ತೆ ಶುರುವಾಯಿತು. ಆದರೆ ಅವನೊಡನೆ ಇಂದಿಗೂ ಕೆಲಸದ ಮಾತಷ್ಟೇ. ತಂಗಿಯ ಮನೆಗೆ ಅವನಿಲ್ಲದ ಹೊತ್ತು ನೋಡಿಕೊಂಡೇ ಹೋಗುತ್ತಾಳೆ.