ಟೆಸ್ಸಿಯ ಕಿಟಕಿಯ ಹಂಸಗಳು

ಅಮೆರಿಕದ ಬಾಲ್ಟಿಮೋರ್ ನಗರದ ಪೂರ್ವ ಭಾಗದ ಓಣಿಯಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ಬರ್ನಡೀನ್ ಜೆಲೆಂಕಾ ಮನೆ ಮುಂದಿನ ಅಮೃತಶಿಲೆಯ ಮೆಟ್ಟಿಲ ಮೇಲೆ ದಿಂಬು ಹಾಕಿಕೊಂಡು ಕೂತಿದ್ದಾರೆ. ತೊಡೆಯ ಮೇಲೆ ಕಿಟಕಿಯ ತಂತಿ ಜಾಲರಿ. ಕೈಯಲ್ಲಿ ಕುಂಚವಲ್ಲ, ಹೊಲಿಗೆ ಸೂಜಿ! ಜಾಲರಿಯ ಮೇಲೆ ಕೆಂಪು ಹೆಂಚಿನ ಮನೆ, ಅದರ ಮುಂದೊಂದು ಕೊಳ, ಕೊಳದಲ್ಲಿ ಎರಡು ಬಿಳಿ ಹಂಸ. ಆ ಹಂಸಗಳ ಮೈಯನ್ನೇ ಅವರು ಚುಚ್ಚುತ್ತಿದ್ದಾರೆ. ಒಂದು ತೂತು ಬಿಡಿಸುವುದು, ಬಾಯಿಂದ ಉಫ್ ಎಂದು ಊದುವುದು, ಜಾಲರಿಯನ್ನು ಆಕಾಶಕ್ಕೆ ಹಿಡಿದು ನೋಡುವುದು, ಮತ್ತೆ ಚುಚ್ಚುವುದು.

ಜೀವಮಾನವಿಡೀ ಇಂಥ ಹಂಸಗಳನ್ನೇ ಬರೆದವರು ಈಗ ಅವುಗಳ ಮೇಲೆ ಹಗೆ ಸಾಧಿಸುತ್ತಿರುವುದೇಕೆ?

"ಕೊಬ್ಬು ಜಾಸ್ತಿ ಆಗಿದೆ ಚಿನ್ನಾ, ಇಳಿಸ್ತಾ ಇದೀನಿ," ಎನ್ನುತ್ತಾರೆ ತಲೆ ಎತ್ತದೆ. ಈ ಓಣಿಯಲ್ಲಿ 'ಚಿನ್ನ' ಎನ್ನದೆ ಯಾರಿಗೂ ಮಾತು ಹೊರಡುವುದಿಲ್ಲ. ಅಂಚೆಯವನೂ ಚಿನ್ನವೇ, ಬೇರೆಯವರ ಜಾಗದಲ್ಲಿ ಕಾರು ನಿಲ್ಲಿಸಿ ಬೈಸಿಕೊಳ್ಳುವವನೂ ಚಿನ್ನವೇ.

ಇಲ್ಲಿ ಗೋಡೆಗೆ ಗೋಡೆ ಅಂಟಿಕೊಂಡ ಸಾಲುಮನೆಗಳು. ಮುಂಗೋಣೆಯ ಕಿಟಕಿ ತೆರೆಯುವುದು ನೇರ ಕಾಲುದಾರಿಗೆ. ಬೇಸಿಗೆಯಲ್ಲಿ ಗಾಳಿಗೆಂದು ತೆರೆದಿಟ್ಟರೆ ದಾರಿಹೋಕರ ಮೂಗು ನಿಮ್ಮ ಊಟದ ತಟ್ಟೆಯಲ್ಲೇ. ಹಿಂದೊಮ್ಮೆ ಒಬ್ಬ ಕಿರಾಣಿ ಅಂಗಡಿಯಾತ, ಬಿಸಿಲಿಗೆ ಬಾಡುವ ತರಕಾರಿಯನ್ನು ಒಳಗಿಟ್ಟು ಅದರ ಚಿತ್ರವನ್ನು ಬಾಗಿಲ ಜಾಲರಿಯ ಮೇಲೆ ಬರೆದನಂತೆ. ನೋಡಿದರೆ ಹೊರಗಿನವರಿಗೆ ಕಂಡದ್ದು ಚಿತ್ರ, ಒಳಗಿನವರಿಗೆ ಕಂಡದ್ದು ಇಡೀ ಬೀದಿ. ಓಣಿಯ ಹೆಂಗಸರು ಬಿಡುತ್ತಾರೆಯೇ? ಕಿಟಕಿ ಕಿಟಕಿಗೂ ಚಿತ್ರ ಬಂತು. ಒಳಗೆ ದೀಪ ಹಚ್ಚಿದ ಕೂಡಲೇ ಈ ಮಾಯೆ ತಿರುವುಮುರುವಾಗಿ ಒಳಗಿನದೆಲ್ಲ ಬೀದಿಗೆ ಕಾಣುತ್ತದೆ, ಆದ್ದರಿಂದ ಸಂಜೆಯಾದರೆ ಪರದೆ ಎಳೆಯಬೇಕು.

ಬಣ್ಣ ತಂತಿಗೆ ಹತ್ತಬೇಕು, ತೂತಿಗೆ ಹತ್ತಬಾರದು. ಬರ್ನಡೀನ್‌ಗೆ ಸೋದರತ್ತೆ ಲಿಬುಶೆ ಕಲಿಸಿದ ವಿದ್ಯೆ ಇಷ್ಟೇ. ಆದರೆ ಏಸಿ ಬಂದ ಮೇಲೆ ಕಿಟಕಿಗಳು ಮುಚ್ಚಿಕೊಂಡವು, ಜಾಲರಿಗಳು ಕಸಕ್ಕೆ ಹೋದವು. ಬರ್ನಡೀನ್ ಬೇಕರಿಯಲ್ಲಿ ದುಡಿದು ಹೊಟ್ಟೆ ಹೊರೆದರು, ಕುಂಚ ಮಾತ್ರ ಬಿಡಲಿಲ್ಲ. ಈಗ ಚರ್ಚಿನ ನೆಲಮಾಳಿಗೆಯಲ್ಲಿ ಶನಿವಾರ ಕಲಿಯಲು ಜನ ಬರುತ್ತಾರೆ. ಕೊಳ್ಳುವವರೂ ಇದ್ದಾರೆ, ಆದರೆ ಕೆಲವರು ಒಯ್ದು ಸೋಫಾದ ಮೇಲ್ಗಡೆ ಗೋಡೆಗೆ ನೇತುಹಾಕುತ್ತಾರೆ. ಅದನ್ನು ನೆನೆದರೆ ಬರ್ನಡೀನ್‌ಗೆ ಮೈ ಉರಿಯುತ್ತದೆ. "ಅದರ ಹಿಂದೆ ಕೂತು ಬೀದಿ ನೋಡೋರು ಯಾರು? ಗೋಡೆನಾ?"

ಇಂದಿನ ಜಾಲರಿ ನಾಲ್ಕು ಮನೆ ಆಚೆಯ ಟೆಸ್ಸಿ ಮಾವ್ರೋಸ್ ಅವರದು. ಗ್ರೀಕರ ಮನೆಯ ಈ ಗೆಳತಿಗೆ ಚಳಿಗಾಲದಲ್ಲಿ ಸೊಂಟ ಮುರಿಯಿತು. ಮಹಡಿ ಹತ್ತಲಾಗದೆ ಮಂಚ ಮುಂಗೋಣೆಗೆ ಇಳಿದಿದೆ. ಕಿಟಕಿಯೇ ಈಗ ಅವರಿಗೆ ಊರು. ಹಳೆಯ ಜಾಲರಿ ತುಕ್ಕು ತಿಂದಿತ್ತು. ಹಾಸಿಗೆ ಹಿಡಿದವಳ ಮನೆಯೆಂದು ಯಾರೂ ಮರುಗಬಾರದು, ನಿಂತು ಕಣ್ಣರಳಿಸಬೇಕು ಎಂಬ ಹಟಕ್ಕೆ ಬಿದ್ದ ಬರ್ನಡೀನ್ ಹೊಸ ಹಂಸಗಳಿಗೆ ಬಿಳಿಯ ಮೇಲೆ ಬಿಳಿ ಬಳಿದರು. ಜಾಲರಿ ಕೂರಿಸಿದ ಮೇಲೆ ಒಳಗೆ ಹೋಗಿ ಕೂತು ನೋಡುವುದು ಅವರ ಕ್ರಮ. ಅಂದು ಅದನ್ನು ಮರೆತು, ಹೊರಗೆ ನಿಂತ ಜನರ ಹೊಗಳಿಕೆ ಕೇಳುತ್ತಾ ಉಬ್ಬಿಹೋದರು.

ಟೆಸ್ಸಿಯ ಕಿಟಕಿಯ ಮುಂದೆ ಹಾಯುವಾಗ ನಾಲಿಗೆ ಚಾಚಿ ಅಣಕಿಸುವುದು ಬರ್ನಡೀನ್‌ಗೆ ಹುಡುಗಿಯಾಗಿದ್ದಾಗಿನಿಂದಲೂ ರೂಢಿ. ಒಳಗಿಂದ ಬೈಗುಳ ಬಂದೇ ಬರುತ್ತಿತ್ತು. ಕಳೆದ ಮಂಗಳವಾರ ಬರಲಿಲ್ಲ. ಏನಾಯಿತೋ ಎಂದು ಒಳಗೆ ಓಡಿದರೆ ಟೆಸ್ಸಿ ಕಿಟಕಿಗೇ ಮುಖ ಮಾಡಿ ಕೂತಿದ್ದಾರೆ!

"ಯಾಕೇ ಬೈಲಿಲ್ಲ?"

"ಯಾವಾಗ ಹೋದೆ ನೀನು?"

ಬರ್ನಡೀನ್ ಕಿಟಕಿಯತ್ತ ತಿರುಗಿದರು. ಹಂಸಗಳಿದ್ದ ಕಡೆ ಬಣ್ಣಕ್ಕೆ ತೂತೆಲ್ಲ ಮುಚ್ಚಿ ಬರೀ ಮಬ್ಬು. ಕೂತವರ ಕಣ್ಣಿನ ಮಟ್ಟಕ್ಕೆ ಬೀದಿಯೇ ಇರಲಿಲ್ಲ.

"ಹೇಳೋಕೇನಾಗಿತ್ತು ನಿಂಗೆ, ಮುದುಕಿ?"

"ಅಷ್ಟು ಆಸೆಪಟ್ಟು ಬರೆದಿದೀಯ. ಜನ ನಿಂತು ಚೆನ್ನಾಗಿದೆ ಅಂತಾರೆ, ಕೇಳಿಸುತ್ತೆ. ಕೇಳಿಸಿದ್ರೆ ಸಾಕು ಅಂದ್ಕೊಂಡೆ."

ಇದನ್ನು ಹೇಳುವಾಗ ಬರ್ನಡೀನ್ ಸೂಜಿ ನಿಲ್ಲಿಸಿ ಮೂಗು ಒರೆಸಿಕೊಳ್ಳುತ್ತಾರೆ. "ನನ್ನ ಜಾಲರಿ ಹಿಂದೆ ಕೂತು ಅವಳು ಕುರುಡಿ ಥರ ಇದ್ಲು. ನನ್ನ ಮನಸು ನೋಯಬಾರ್ದು ಅಂತ! ಇಂಥೋಳನ್ನ ಏನು ಮಾಡ್ಬೇಕು ಹೇಳು ಚಿನ್ನಾ?"

ಬಿಸಿಲು ಮೆಟ್ಟಿಲಿಗೆ ಬರುವ ಹೊತ್ತಿಗೆ ಕೊನೆಯ ತೂತು ತೆರೆಯುತ್ತದೆ. ಹಂಸಗಳು ಈಗ ತೊಳೆದು ತೊಳೆದು ಮಾಸಿದ ದುಪ್ಪಟಿಯ ಬಣ್ಣ. ನಿಂತು ನೋಡುವಂಥದ್ದೇನಲ್ಲ. ಬರ್ನಡೀನ್ ಜಾಲರಿಯನ್ನು ಒಯ್ದು ಟೆಸ್ಸಿಯ ಕಿಟಕಿಗೆ ಕೂರಿಸಿ ಕಾಲುದಾರಿಯ ಅಂಚಿಗೆ ಸರಿಯುತ್ತಾರೆ. ಒಳಗೆ ಹೋಗಿ ನೋಡುವುದಿಲ್ಲವೇ ಎಂದರೆ ತಲೆ ಅಲ್ಲಾಡಿಸುತ್ತಾರೆ.

"ನೋಡೋಳು ಅವಳು. ನನ್ನ ಚಿತ್ರ ಯಾರೂ ಹೊಗಳ್ಬೇಕಾಗಿಲ್ಲ. ನನ್ನ ಬೈದ್ರೆ ಸಾಕು."

ಹಾಗೆಂದವರೇ ಉದ್ದಕ್ಕೆ ನಾಲಿಗೆ ಚಾಚುತ್ತಾರೆ. ಕಿಟಕಿಯಲ್ಲಿ ಕೊಳ, ಹೆಂಚಿನ ಮನೆ, ಮಾಸಿದ ಹಂಸ. ಸದ್ದಿಲ್ಲ. ಚಾಚಿದ ನಾಲಿಗೆಯನ್ನು ಬರ್ನಡೀನ್ ಒಳಗೆ ಎಳೆದುಕೊಳ್ಳುವುದಿಲ್ಲ.

"ಥೂ, ಒಳಗೆ ಹಾಕ್ಕೊಳ್ಳೇ ಅದನ್ನ!" ಹಂಸಗಳ ಹಿಂದಿನಿಂದ ಟೆಸ್ಸಿಯ ದನಿ ಏರುತ್ತದೆ. "ಬೆಳಗ್ಗೆ ಬೆಳಗ್ಗೆ ಏಪ್ರನ್ ಬೇರೆ ಉಲ್ಟಾ ಹಾಕ್ಕೊಂಡು ಬಂದಿದೀಯ. ಬೀದಿಯೋರು ಏನಂತಾರೆ?"

ಬರ್ನಡೀನ್ ಬಗ್ಗಿ ನೋಡಿಕೊಳ್ಳುತ್ತಾರೆ. ಹೌದು, ಕತ್ತಲಲ್ಲಿ ಕಟ್ಟಿಕೊಂಡ ಏಪ್ರನ್ ಉಲ್ಟಾ ಇದೆ.

"ಕಾಣ್ತಾ ಇದೀನಿ ಅವಳಿಗೆ," ಎನ್ನುತ್ತಾರೆ. ಏಪ್ರನ್ ಸರಿಮಾಡಿಕೊಳ್ಳದೆ ಹಾಗೆಯೇ ನಿಂತಿರುತ್ತಾರೆ.